ಗೋಣಿ ಅಲುಗಿದಾಗ

"ಬಿಚ್ಚಬೇಡ ಅಂದ್ನಲ್ಲ ಅಕ್ಕ!"

ಗೋದಾಮಿನ ಒಳಗಿನಿಂದ ತಮ್ಮ ಕೂಗಿದ. ಅವನಿಗೆ ಬೆನ್ನಲ್ಲೂ ಕಣ್ಣು. ಅಕ್ಕ ಆಗಲೇ ಒಂದು ಕೈಯಲ್ಲಿ ಸರಪಳಿಯ ಕೊಂಡಿ ಹಿಡಿದು ಇನ್ನೊಂದು ಕೈಯಲ್ಲಿ ನಾಯಿಯ ಕತ್ತು ತುರಿಸುತ್ತಿದ್ದಳು.

"ಬೆಳಿಗ್ಗೆಯಿಂದ ಕುಂಯ್ ಕುಂಯ್ ಅಂತಿದೆ ಕಣೋ. ಅದೇನು ಪಾಪ ಮಾಡಿದೆ ಅಂತ ಕಟ್ಟಿ ಹಾಕ್ಲಿ?"

"ಕೆಲಸ ಮುಗಿಯೋ ತನಕ ಇರಲಿ. ಇನ್ನೊಂದು ಗಂಟೆ ಕಟ್ಟಿದ್ರೆ ಸವೆದು ಹೋಗಲ್ಲ ನಿನ್ನ ಯಜಮಾನ."

ಹೊರಗೆ ನಲ್ಲಿಯ ಕೆಳಗೆ ಲೋಟ ತೊಳೆಯುತ್ತಿದ್ದ ಟೀ ಅಂಗಡಿಯವನು ಕಿಸಕ್ಕನೆ ನಕ್ಕ. ಯಜಮಾನ ಎಂದರೆ ನಾಯಿಯ ಹೆಸರು. ನಾಲ್ಕು ವರ್ಷದ ಹಿಂದೆ ಹಳೇ ಚೀಲಗಳ ಲಾರಿಯಲ್ಲಿ, ಒಂದು ಕಟ್ಟಿನ ನಡುವೆ, ಇನ್ನೂ ಸರಿಯಾಗಿ ಕಣ್ಣು ಬಿಡದ ಮರಿಯಾಗಿ ಬಂದದ್ದು. ಅಕ್ಕ ಬತ್ತಿಯಲ್ಲಿ ಹಾಲು ಕುಡಿಸಿ ಬದುಕಿಸಿದಳು. ಅದು ದೊಡ್ಡದಾಯಿತು, ತೀರಾ ದೊಡ್ಡದಾಯಿತು, ಗೋದಾಮಿನಲ್ಲಿದ್ದ ಒಂದೇ ಒಂದು ಮೆತ್ತೆಯ ಕುರ್ಚಿಯನ್ನು ತನ್ನದು ಮಾಡಿಕೊಂಡಿತು. ಮನುಷ್ಯರೆಲ್ಲ ಚೀಲದ ಕಟ್ಟಿನ ಮೇಲೆ ಕೂರಬೇಕು, ಅದು ಮಾತ್ರ ಕುರ್ಚಿಯಲ್ಲಿ. ಅದನ್ನು ನೋಡಿ ತಮ್ಮ ಆ ಹೆಸರಿಟ್ಟ. ನಲವತ್ತೆರಡು ದಾಟಿದರೂ ಮದುವೆಯಾಗದ ಅಕ್ಕನನ್ನು ಕೆಣಕಲು ಬೀದಿಯವರಿಗೆ ಅಷ್ಟೇ ಸಾಕಾಗಿತ್ತು. "ಅಕ್ಕ, ಯಜಮಾನ್ರು ಇದಾರಾ?" ಎಂದು ಯಾರಾದರೂ ಕೇಳುತ್ತಿದ್ದರು. "ಊಟಕ್ಕೆ ಕೂತಿದಾರೆ, ಆಮೇಲೆ ಬನ್ನಿ," ಎಂದು ಅವಳು ದಬ್ಬಣದಿಂದ ಕಣ್ಣೆತ್ತದೆ ಹೇಳುತ್ತಿದ್ದಳು.

ಹರಿದ ಗೋಣಿಚೀಲಗಳನ್ನು ತಂದು, ಕೊಡವಿ, ತೂತು ಹೊಲಿದು ಮತ್ತೆ ಮಾರುವುದು ಅಕ್ಕ ತಮ್ಮನ ಕಸುಬು. ಅಮ್ಮ ತೀರಿಕೊಂಡಾಗ ತಮ್ಮನಿಗೆ ಒಂಬತ್ತು, ಅವಳಿಗೆ ಇಪ್ಪತ್ತೊಂದು. ಅವಳನ್ನು ಕೇಳಿಕೊಂಡು ಬಂದವರಿದ್ದರು. ಹುಡುಗನನ್ನೂ ಜೊತೆಗೆ ಕರೆದುಕೊಂಡು ಬರುತ್ತೇನೆ ಅಂದಳು, ಬಂದವರು ಬಂದ ದಾರಿ ಹಿಡಿದರು. ಅದಕ್ಕಾಗಿ ಅವಳು ಅತ್ತವಳಲ್ಲ. ಆ ಹುಡುಗನೇ ಅವಳ ಬದುಕು. ಈಗ ಅವನು ತಲೆಬಾಗಿಲು ತುಂಬುವಷ್ಟು ಆಳಾಗಿದ್ದರೂ, ಅವನು ಕೆಮ್ಮಿದರೆ ಅವಳ ಕೈಯ ಹೊಲಿಗೆ ನಿಲ್ಲುತ್ತಿತ್ತು.

ಚೀಲ ಇದ್ದಲ್ಲಿ ಇಲಿ. ಒಂದೊಂದೂ ಮುಂಗೈ ಗಾತ್ರದ ಹೆಗ್ಗಣ. ಅವುಗಳ ಕಾಟಕ್ಕೆ ತಮ್ಮ ಯಜಮಾನನನ್ನು ಪಳಗಿಸಿದ. ವಾರಕ್ಕೊಮ್ಮೆ, ಒಂದರ ಮೇಲೊಂದು ಪೇರಿಸಿದ ಕಟ್ಟುಗಳ ಅಟ್ಟಿ ಎಳೆದು ಚೀಲಗಳನ್ನು ನೆಲಕ್ಕೆ ಹರಡುವುದು. ಯಾವ ಚೀಲ ಅಲುಗುತ್ತದೋ ನಾಯಿ ಅದರ ಮೇಲೆ ಎರಗುವುದು. ಗೋಣಿಯ ಸಮೇತ ಕಚ್ಚಿ, ಎತ್ತಿ, ಎಡಕ್ಕೂ ಬಲಕ್ಕೂ ಒಂದು ಝಾಡಿಕೆ. ಬೆಕ್ಕಿಗೆ ಚೆಲ್ಲಾಟ ಇಲಿಗೆ ಪ್ರಾಣಸಂಕಟ ಅನ್ನುತ್ತಾರೆ. ಇಲ್ಲಿ ಚೆಲ್ಲಾಟವೆಲ್ಲ ನೋಡುವವರದು. ಟೀ ಅಂಗಡಿಯವನು, ಪಕ್ಕದ ಕಬ್ಬಿಣದ ಅಂಗಡಿಯ ಸಾಹುಕಾರ, ಮೂಟೆ ಹೊರುವ ಹಮಾಲಿ ತಾತ, ದಾರಿಹೋಕರು, ಎಲ್ಲರೂ ಬಾಗಿಲಲ್ಲಿ ನೆರೆದು ಗಂಟಲು ಹರಿಯುವ ಹಾಗೆ ಕಿರುಚುತ್ತಿದ್ದರು. ಕಿರುಚಿದಷ್ಟೂ ನಾಯಿಗೆ ಹುರುಪು. ಜನರನ್ನು ಕರೆದು ತರುತ್ತಿದ್ದವಳು ಅಕ್ಕನೇ. ತಾನು ಸಾಕಿದ್ದು ಹೀಗೆ ಗೆದ್ದು ನಿಲ್ಲುವುದನ್ನು ನಾಲ್ಕು ಜನ ನೋಡಲಿ ಎಂಬ ಆಸೆ ಅವಳಿಗೆ.

ಒಂದೇ ತೊಡಕು. ಮೊದಮೊದಲು ಅದು ಅರೆಜೀವದ ಹೆಗ್ಗಣವನ್ನು ಬಿಟ್ಟುಬಿಡುತ್ತಿತ್ತು, ಹೆಗ್ಗಣ ಓಡಿಹೋಗುತ್ತಿತ್ತು. ಹಾಗಾಗಿ ಹೊಗಳುವ ತನಕ ಹಿಡಿತ ಸಡಿಲಿಸಬಾರದು ಎಂದು ತಮ್ಮ ಕಲಿಸಿದ. ಬೈದರೆ ಬಿಡದು, ಹೊಡೆದರೆ ಬಿಡದು. ಪಕ್ಕದಲ್ಲಿ ಕೂತು, ಬೆನ್ನುಮೂಳೆಯ ಉದ್ದಕ್ಕೂ ಕೈಯಾಡಿಸಿ, ಮೆಲ್ಲಗೆ "ಜಾಣ, ನಮ್ಮ ಜಾಣ" ಅನ್ನಬೇಕು. ಆಗ ಬಾಯಿ ತೆರೆಯುತ್ತಿತ್ತು. ಅದು ತಮ್ಮನ ದನಿಗೆ ಬಿಡುತ್ತಿತ್ತು, ಅಕ್ಕನ ದನಿಗೆ ಬಿಡುತ್ತಿತ್ತು. ಬೇರೆಯವರ ದನಿ ಅದಕ್ಕೆ ಲೆಕ್ಕಕ್ಕಿರಲಿಲ್ಲ.

ಎರಡು ತಿಂಗಳ ಕೆಳಗೆ ಹಮಾಲಿ ತಾತ ಮಧ್ಯಾಹ್ನ ಚೀಲ ಹೊದ್ದು ಮಲಗಿದ್ದಾಗ ಕಾಲು ಅಲುಗಿಸಿದ. ಹಿಮ್ಮಡಿಯಲ್ಲಿ ನಾಲ್ಕು ತೂತು ಬಿದ್ದವು. ಅಕ್ಕ ಅವನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿ ಸೂಜಿ ಹಾಕಿಸಿದಳು, ದಾರಿಯುದ್ದಕ್ಕೂ ಬೈದದ್ದೂ ಅವನನ್ನೇ. "ಮಲಗೋಕೆ ಬೇರೆ ಏನೂ ಸಿಗ್ಲಿಲ್ವಾ ತಾತ? ಅದಕ್ಕೇನು ಗೊತ್ತು, ಪಾಪ." ಕೆಲಸದ ಹೊತ್ತಲ್ಲಿ ನಾಯಿಯನ್ನು ಕಟ್ಟಬೇಕು ಎಂದು ತಮ್ಮ ಅಂದೇ ಕಟ್ಟಪ್ಪಣೆ ಮಾಡಿದ. ಸಲಿಗೆ ಕೊಟ್ಟ ನಾಯಿ ಹೆಗಲೇರಿತು ಎಂದು ತಾತ ಗೊಣಗಿದ್ದಕ್ಕೆ ಅಕ್ಕ ಎರಡು ದಿನ ಅವನ ಜೊತೆ ಮಾತು ಬಿಟ್ಟಿದ್ದಳು.

ಇವತ್ತೂ ಅವಳು ತಮ್ಮನ ಮಾತು ಕೇಳಲಿಲ್ಲ. ಕೊಂಡಿ ತೆಗೆದಳು. ಯಜಮಾನ ಮೈ ಕೊಡವಿ, ಅವಳ ಮೊಣಕೈ ನೆಕ್ಕಿ, ನೆಟ್ಟಗೆ ಹೋಗಿ ತನ್ನ ಕುರ್ಚಿಯಲ್ಲಿ ಕೂತಿತು.

"ನೋಡು, ಎಷ್ಟು ಸಭ್ಯಸ್ಥ!" ಎಂದಳು.

ತಮ್ಮ ಹಿಂದಿನ ಅಟ್ಟಿಯ ನಡುವಿನಿಂದ ಒಂದು ಕಟ್ಟು ಎಳೆಯುತ್ತಿದ್ದ. ಮೇಲಿನಿಂದ ಇಳಿಸಿಕೊಂಡು ಬರಬೇಕಾದದ್ದು ಕ್ರಮ. ಏಣಿ ಹತ್ತುವ ಸೋಮಾರಿತನಕ್ಕೆ ಅವನು ಯಾವಾಗಲೂ ನಡುವಿಗೇ ಕೈ ಹಾಕುತ್ತಿದ್ದ, ಅವಳು ಯಾವಾಗಲೂ ಬೈಯುತ್ತಿದ್ದಳು. ಇವತ್ತು ನಾಯಿ ಬಿಚ್ಚಿದ ತಪ್ಪು ಅವಳ ಮೇಲಿತ್ತು, ಬಾಯಿ ಮುಚ್ಚಿಕೊಂಡಿದ್ದಳು.

ಅಟ್ಟಿ ಒಮ್ಮೆ ನಿಧಾನಕ್ಕೆ ಬಾಗಿತು. ಆಮೇಲೆ ದಬದಬ ಉರುಳಿತು.

ಧೂಳಿಗೆ ಏನೂ ಕಾಣಲಿಲ್ಲ. ಅಕ್ಕ ಕಿರುಚಿಕೊಂಡು ಓಡಿದಳು. ಟೀ ಅಂಗಡಿಯವನು, ಸಾಹುಕಾರ, ತಾತ ನುಗ್ಗಿ ಬಂದರು. ಹುರಿ ಹರಿದ ಕಟ್ಟುಗಳಿಂದ ನೂರಾರು ಚೀಲಗಳು ಬಿಚ್ಚಿ ಬಿದ್ದು ಗುಡ್ಡೆಯಾಗಿದ್ದವು. ಆ ಗುಡ್ಡೆಯೊಳಗಿಂದ ಕೆಮ್ಮು ಕೇಳಿತು, ಹಿಂದೆಯೇ ನಗು.

"ಅಕ್ಕಾ, ಬದುಕಿದೀನಿ! ಕಾಲ ಮೇಲೆ ಕಟ್ಟು ಬಿದ್ದಿದೆ ಅಷ್ಟೆ. ಎತ್ತಿ."

ಹೋದ ಜೀವ ಬಂದ ಹಾಗಾಯಿತು ಅವಳಿಗೆ. "ನಡುವಿಂದ ಎಳೀಬೇಡ ಅಂತ ಎಷ್ಟು ಸಲ ಬಡ್ಕೊಳ್ಲಿ ನಿನ್ನ ಹತ್ರ!" ಎಂದು ಅಳುತ್ತ ನಕ್ಕಳು. ಎಲ್ಲರೂ ನಕ್ಕರು. ಒಳಗಿನವನು ಮೇಲಿನ ಚೀಲ ಸರಿಸಲು ಮೊಣಕೈ ಎತ್ತಿದ. ಗುಡ್ಡೆ ಅಲುಗಿತು.

ಕುರ್ಚಿಯ ಸ್ಪ್ರಿಂಗು ಕಿರುಗುಟ್ಟಿದ್ದು ಅಕ್ಕನಿಗೆ ಕೇಳಿಸಿತು. ಅವಳು ತಿರುಗುವಷ್ಟರಲ್ಲಿ ಯಜಮಾನ ಅವಳ ಪಕ್ಕದಿಂದ ಹಾರಿಯಾಗಿತ್ತು.

ನಾಯಿಗೆ ಅವನ ವಾಸನೆ ತಿಳಿಯಲಿಲ್ಲವೇ ಎಂದು ಆಮೇಲೆ ಬೀದಿಯಲ್ಲಿ ಎಲ್ಲರೂ ಕೇಳಿದರು. ತಿಳಿದೇ ಇತ್ತೋ ಏನೋ. ಆ ಗೋದಾಮಿನ ಯಾವ ಚೀಲಕ್ಕೆ ಅವನ ವಾಸನೆ ಇರಲಿಲ್ಲ? ಅದಕ್ಕೆ ಕಲಿಸಿದ್ದು ಇಷ್ಟೇ, ಅಲುಗಿದರೆ ಹಿಡಿ, ಹಿಡಿದರೆ ಬಿಡಬೇಡ.

ಮೊದಲು ಭುಜ ಸಿಕ್ಕಿತು. ಗೋಣಿಯ ಸಮೇತ ಕಚ್ಚಿ ಝಾಡಿಸಿತು. ಒಳಗಿನಿಂದ ಬಂದ ಕೂಗಿಗೆ ಎಲ್ಲರೂ ಒಟ್ಟಿಗೆ ಕಿರುಚಿದರು, "ಬಿಡೋ! ಏಯ್! ಬಿಡೋ!" ಅದೇ ಜನ, ಅದೇ ಬಾಗಿಲು, ಅದೇ ಗದ್ದಲ. ನಾಯಿಯ ಬಾಲ ನೆಟ್ಟಗಾಯಿತು. ಇನ್ನೂ ಬಲವಾಗಿ ಝಾಡಿಸಿತು. ಸಾಹುಕಾರ ಅದರ ಪಕ್ಕೆಗೆ ಒದ್ದ, ತಾತ ಹಿಂಗಾಲು ಹಿಡಿದು ಎಳೆದ, ಅಕ್ಕ ಎರಡೂ ಮುಷ್ಟಿಯಿಂದ ಅದರ ತಲೆ ಗುದ್ದಿದಳು. ಅದು ತಿರುಗಿ ಕೂಡ ನೋಡಲಿಲ್ಲ. ಯಾರನ್ನೂ ಕಚ್ಚಲಿಲ್ಲ. ಕೆಲಸದಲ್ಲಿತ್ತು.

ಆ ಗಲಾಟೆಯ ನಡುವೆ ಗೋಣಿಯ ಅಡಿಯಿಂದ ತಮ್ಮನ ದನಿ ಕೇಳಿತು. ಕೂಗುತ್ತಿರಲಿಲ್ಲ. ಹಲ್ಲು ಕಚ್ಚಿಕೊಂಡು, ನೋವನ್ನೆಲ್ಲ ನುಂಗಿ, ಮೆಲ್ಲಗೆ, ಮುದ್ದಿನಿಂದ ಹೇಳುತ್ತಿದ್ದ. "ಜಾಣ... ಜಾಣ ಕಣೋ ನೀನು... ನಮ್ಮ ಜಾ..."

ಕಿರುಚಾಟದಲ್ಲಿ ಅದು ಮುಳುಗಿಹೋಯಿತು. ನಾಯಿ ಹಿಡಿತ ಬದಲಿಸಿತು. ಭುಜ ಬಿಟ್ಟು, ದನಿ ಬರುತ್ತಿದ್ದ ಕಡೆಗೇ ಬಾಯಿ ಹಾಕಿತು. ಏನೋ ಮುರಿದ ಸದ್ದು. ಗೋಣಿಯ ಮೇಲೆ ಕಪ್ಪನೆ ಒದ್ದೆ ಹರಡಿತು.

"ಬಾಯಿ ಮುಚ್ರೋ! ಎಲ್ಲಾ ಬಾಯಿ ಮುಚ್ಚಿ!" ಅಕ್ಕ ಅರಚಿದಳು. ಸದ್ದು ನಿಂತಿತು. ನಾಯಿಯ ಮೂಗಿನ ಉಸಿರೊಂದೇ ಉಳಿಯಿತು.

ಅವಳು ಮಂಡಿಯೂರಿದಳು. "ಜಾಣ," ಎಂದಳು. ಅದು ಚೀತ್ಕಾರವಾಗಿ ಹೊರಬಿತ್ತು. ನಾಯಿ ಮತ್ತೊಮ್ಮೆ ಝಾಡಿಸಿತು. ಅವಳು ನಾಲಗೆ ಕಚ್ಚಿಕೊಂಡಳು. ಕಣ್ಣು ಮುಚ್ಚಿಕೊಂಡಳು. ಅಮ್ಮ ಹೋದ ವರ್ಷ ಒಂಬತ್ತರ ಹುಡುಗನನ್ನು ಮಲಗಿಸುತ್ತಿದ್ದ ದನಿ ಎಲ್ಲೋ ಉಳಿದಿರಬೇಕು, ಅದನ್ನು ಹುಡುಕಿ ತೆಗೆದಳು. ಕೈಯನ್ನು ಆ ಬೆನ್ನ ಮೇಲಿಟ್ಟು, ಕತ್ತಿನಿಂದ ಬಾಲದವರೆಗೆ ನೇವರಿಸಿದಳು. ಅವಳಿಗೆ ಆ ಮೈ ಮುಟ್ಟಲು ಅಸಹ್ಯವಾಯಿತು, ಆದರೂ ನೇವರಿಸಿದಳು.

"ಜಾಣ... ನಮ್ಮಪ್ಪ... ನಮ್ಮ ಜಾಣ... ಎಂಥಾ ಜಾಣ..."

ಬಾಯಿ ತೆರೆಯಿತು. ಹೆಗ್ಗಣವಾದರೆ ತಂದು ಕಾಲ ಬಳಿ ಇಡುತ್ತಿತ್ತು. ಇದು ತರಲಾಗದಷ್ಟು ದೊಡ್ಡದು. ಒಮ್ಮೆ ಎಳೆದು ನೋಡಿ, ಬಿಟ್ಟು, ಬಾಲ ಅಲ್ಲಾಡಿಸುತ್ತ ಕೆಂಪು ನಾಲಗೆಯಿಂದ ಅವಳ ಗಲ್ಲ ನೆಕ್ಕಿತು.

ಗೋಣಿ ಸರಿಸಿದರು. ಅಕ್ಕ ತಮ್ಮನ ಗಂಟಲನ್ನು ಎರಡೂ ಕೈಯಿಂದ ಒತ್ತಿ ಹಿಡಿದಳು. ಬೆರಳ ಸಂದಿಯಿಂದ ಬಿಸಿ ರಕ್ತ ಉಕ್ಕುತ್ತಲೇ ಇತ್ತು. ಅವನ ಕಣ್ಣು ತೆರೆದಿತ್ತು, ಅವಳನ್ನು ನೋಡುತ್ತಿತ್ತು, ತುಟಿ ಏನೋ ಹೇಳಲು ಹೊರಟಿತ್ತು. ದನಿಯ ಜಾಗದಲ್ಲಿ ಗುಳುಗುಳು ಗಾಳಿ ಬಂತು. ಅವಳ ಮಣಿಕಟ್ಟು ಹಿಡಿದ ಅವನ ಬೆರಳು ಬಿಗಿಯಾದವು, ಸ್ವಲ್ಪ ಹೊತ್ತು ಹಾಗೇ ಇದ್ದವು, ಸಡಿಲವಾದವು. ಟೀ ಅಂಗಡಿಯವನು ಆಂಬುಲೆನ್ಸಿಗೆ ಫೋನು ಮಾಡಿ ವಿಳಾಸ ಹೇಳುತ್ತಲೇ ಇದ್ದ. ಸಾಹುಕಾರ ಅವನ ಕೈಯಿಂದ ಫೋನು ಇಸಿದುಕೊಂಡು, "ಇನ್ನು ಅವಸರ ಬೇಡಿ," ಎಂದ.

ಅವನನ್ನು ಹೊರಗೆ ಒಯ್ದು ಟೀ ಅಂಗಡಿಯ ಬೆಂಚಿನ ಮೇಲೆ ಮಲಗಿಸಿ ಬಟ್ಟೆ ಹೊದಿಸಿದರು. ಬೀದಿಗೆ ಬೀದಿಯೇ ಸೇರಿತು. ಸಾಹುಕಾರನ ಅಂಗಡಿಯಿಂದ ಐದಾರು ಕಬ್ಬಿಣದ ಸರಳುಗಳು ಕೈಯಿಂದ ಕೈಗೆ ಬಂದವು.

"ಅಕ್ಕ, ನೀವು ಈಚೆ ಬನ್ನಿ. ನಾವು ನೋಡ್ಕೋತೀವಿ," ಎಂದ ಸಾಹುಕಾರ.

"ನನ್ನ ನಾಯಿ. ಯಾರೂ ಮುಟ್ಟಬೇಡಿ."

"ಇನ್ನೂ ಅದರ ಮೇಲೆ ಪ್ರೀತಿನಾ ನಿಮಗೆ? ಅಲ್ಲಿ ನೋಡಿ, ತಮ್ಮನ್ನ ನೋಡಿ!"

ಅವಳು ಯಾವ ಕಡೆಯೂ ನೋಡಲಿಲ್ಲ. ಷಟರ್ ಎಳೆಯುವ ಕೊಕ್ಕೆಯ ಸಲಾಕೆಯನ್ನು ಗೋಡೆಯಿಂದ ತೆಗೆದುಕೊಂಡು ಒಳಗೆ ಹೋಗಿ, ಷಟರನ್ನು ಮೊಣಕಾಲ ಮಟ್ಟಕ್ಕೆ ಇಳಿಸಿದಳು. ಜನ ಬಗ್ಗಿ, ನೆಲಕ್ಕೆ ಕೆನ್ನೆ ಹಚ್ಚಿ ಇಣುಕಿದರು.

ಯಜಮಾನ ಕುರ್ಚಿಯಲ್ಲಿ ಕೂತು ಮುಂಗಾಲು ನೆಕ್ಕಿಕೊಳ್ಳುತ್ತಿತ್ತು. ಅವಳನ್ನು ಕಂಡು ಕಿವಿ ಹಿಂದಕ್ಕೆ ಮಾಡಿ, ಕೆಳಗಿಳಿದು ಬಂತು. ಮುಖ ನೋಡಿಕೊಂಡು ಹೊಡೆಯಲು ಅವಳಿಂದ ಆಗುತ್ತಿರಲಿಲ್ಲ. ಒಂದು ಖಾಲಿ ಗೋಣಿಯನ್ನು ಅದರ ಮೇಲೆ ಎಸೆದಳು. ಆಟವೆಂದುಕೊಂಡಿತು. ಗೋಣಿಯ ಹಿಂಬದಿ ಎಡಕ್ಕೂ ಬಲಕ್ಕೂ ಅಲುಗತೊಡಗಿತು.

ಮೊದಲ ಏಟು ತಲೆಗೆ ಬೀಳಲಿಲ್ಲ, ಹೆಗಲಿಗೆ ಬಿತ್ತು. ನಾಯಿ ಕಿಟಾರನೆ ಕೂಗಿ, ಗೋಣಿ ಹೊತ್ತುಕೊಂಡೇ ಓಡಿತು. ಓಡಿದ್ದು ಅವಳ ಕಡೆಗೇ. ಅವಳ ಕಾಲಿಗೆ ಆತುಕೊಂಡು ನಡುಗುತ್ತ ನಿಂತಿತು. ಹೊಡೆಯುವವರಿಂದ ಅವಳು ಕಾಯುತ್ತಾಳೆ ಅಂದುಕೊಂಡಿರಬೇಕು. ಅವಳ ಬಾಯಿಂದ ಒಂದು ಸದ್ದು ಹೊರಟಿತು, ಅಳುವೂ ಅಲ್ಲ, ಬೈಗುಳವೂ ಅಲ್ಲ. ಕಾಲು ಹಿಂದೆಗೆದು, ಸಲಾಕೆಯನ್ನು ತಲೆಯ ಮೇಲಕ್ಕೆ ಎತ್ತಿ ಇಳಿಸಿದಳು. ಬುರುಡೆ ಕುಸಿದದ್ದು ಅಂಗೈಗೆ ಗೊತ್ತಾಯಿತು.

"ಬಿಡ್ಬೇಡಿ ಅಕ್ಕ!" ಷಟರಿನ ಅಡಿಯಿಂದ ಯಾರೋ ಕೂಗಿದರು. "ಹಾಕಿ ಇನ್ನೊಂದು!" "ಬಿಡ್ಬೇಡಿ, ಇನ್ನೂ ಅಲುಗ್ತಾ ಇದೆ!" ಬೀದಿ ಗಂಟಲು ಹರಿದುಕೊಂಡಿತು. ಅವಳು ಹೊಡೆದಳು. ಬೆನ್ನಿಗೆ, ಪಕ್ಕೆಗೆ, ಮತ್ತೆ ತಲೆಗೆ. ಗೋಣಿ ಅಲುಗುವುದು ನಿಂತಿತು. ಅವಳು ಹೊಡೆಯುತ್ತಲೇ ಇದ್ದಳು. ಗೋಣಿ ಹರಿದು ಒಳಗಿನದು ನೆಲಕ್ಕೆ ಅಂಟುತ್ತಿತ್ತು, ಗೋಡೆಗೆ ಹನಿ ಸಿಡಿಯುತ್ತಿತ್ತು, ಸಲಾಕೆ ನೆಲದ ಕಲ್ಲಿಗೆ ಬಡಿದು ಕಿಡಿ ಹಾರುತ್ತಿತ್ತು. ಕೂಗುತ್ತಿದ್ದವರು ಒಬ್ಬೊಬ್ಬರಾಗಿ ಸುಮ್ಮನಾದರು. ಮುಖ ತಿರುಗಿಸಿಕೊಂಡು ಎದ್ದು ನಿಂತರು. ಸದ್ದು ಮಾತ್ರ ನಿಲ್ಲಲಿಲ್ಲ.

ಕೊನೆಗೆ ಹಮಾಲಿ ತಾತನೇ ಷಟರನ್ನು ಮೇಲಕ್ಕೆ ತಳ್ಳಿ ಕುಂಟುತ್ತ ಒಳಗೆ ಬಂದ. ಅವಳ ಹಿಂದೆ ನಿಂತು, ಎತ್ತಿದ ತೋಳನ್ನು ಗಾಳಿಯಲ್ಲೇ ಹಿಡಿದ.

"ಆಯ್ತು ತಾಯಿ," ಎಂದ. "ಆಗೋಯ್ತು."

ಅವಳು ಅವನನ್ನು ಗುರುತೇ ಇಲ್ಲದವಳಂತೆ ನೋಡಿದಳು. ಕೈಹಿಡಿದು ನಡೆಸಿದ ಕಡೆ ನಡೆದಳು. ಜನ ದಾರಿ ಬಿಟ್ಟರು. ಬೆಂಚನ್ನು ದಾಟಿಸಿ, ತಾತ ಅವಳನ್ನು ನಲ್ಲಿಯ ಬಳಿ ಕೂರಿಸಿದ.

"ಕೊಡು ತಾಯಿ ಅದನ್ನ."

ಕೊಡಲಿಲ್ಲ. ಅವನು ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಲು ನೋಡಿದ. ಹೆಬ್ಬೆರಳು ಏಳಲಿಲ್ಲ, ಕಿರುಬೆರಳೂ ಏಳಲಿಲ್ಲ. "ಬಿಡ್ತಾ ಇದೀನಿ ತಾತ," ಎಂದಳು ಅವಳು, ತೀರಾ ಸಣ್ಣ ದನಿಯಲ್ಲಿ. "ಬಿಡ್ತಾ ಇದೀನಿ, ಬಿಡ್ತಾ ಇಲ್ಲ ಅದು."

ತಾತ ಕೈ ಚಾಚಿ ನಲ್ಲಿ ತಿರುಗಿಸಿ, ಸಲಾಕೆಯ ಸಮೇತ ಅವಳ ಕೈಯನ್ನು ನೀರಿಗೆ ಹಿಡಿದು ತೊಳೆಯತೊಡಗಿದ.