ಮೀಡಿಯಂ ಅತ್ತಿಗೆ

ಅಂಗಡಿಯ ಕನ್ನಡಿಯ ಮುಂದೆ ನಮ್ಮ ಅತ್ತಿಗೆ ಉಸಿರು ಬಿಟ್ಟು ನಿಂತದ್ದನ್ನು ನಾನು ಕಂಡವಳಲ್ಲ. ಹೊಸ ಉಡುಪು ತೊಟ್ಟು ಟ್ರಯಲ್ ರೂಮಿನ ಪರದೆ ಸರಿಸಿ ಹೊರಬರುವಾಗ ಅವರ ಹೊಟ್ಟೆ ಒಳಗೆ ಸೇರಿರುತ್ತದೆ, ಹೆಗಲು ಕಿವಿಯತ್ತ ಒಂದಿಷ್ಟು ಏರಿರುತ್ತದೆ, ಮುಖದಲ್ಲಿ ಮಾತ್ರ ಯಾವ ಶ್ರಮವೂ ಇಲ್ಲದವರ ನಗು. ಆ ಸ್ಥಿತಿಯಲ್ಲಿಯೇ ಬಲಕ್ಕೊಮ್ಮೆ ಎಡಕ್ಕೊಮ್ಮೆ ತಿರುಗಿ, ತುಟಿಯನ್ನು ಹೆಚ್ಚು ತೆರೆಯದೆ, "ಸರಿಯಾಗಿದೆ ಅಲ್ವಾ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಒಳಗೆ ಹೋಗಿಬಿಡುತ್ತಾರೆ. ಪರದೆಯ ಹಿಂದಿನಿಂದ ಒಂದು ದೀರ್ಘ ನಿಟ್ಟುಸಿರು ಕೇಳಿಸುತ್ತದೆ. ಅದು ತೃಪ್ತಿಯ ನಿಟ್ಟುಸಿರೆಂದು ಅಣ್ಣ ಮದುವೆಯಾದ ಹೊಸತರಿಂದಲೂ ನಂಬಿಕೊಂಡು ಬಂದಿದ್ದಾನೆ.

ಇದಕ್ಕೆಲ್ಲ ಅವರ ಉದ್ಯೋಗವೇ ಕಾರಣವೆಂಬುದು ನನ್ನ ಊಹೆ, ಪ್ರಮಾಣ ಸಿಕ್ಕಿಲ್ಲ. ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಎಕ್ಸ್‌ರೇ ತೆಗೆಯುವವರು ಅವರು. "ಉಸಿರು ಎಳ್ಕೊಳ್ಳಿ, ಹಿಡ್ಕೊಳ್ಳಿ, ಅಲ್ಲಾಡಬೇಡಿ" ಎಂದು ದಿನವಿಡೀ ಹೇಳಿ ಹೇಳಿ, ಮಗಳ ಕಾಲಿನ ಮುಳ್ಳು ತೆಗೆಯುವಾಗಲೂ, ಅಣ್ಣ ಏನೋ ಸಮಜಾಯಿಷಿ ಹೇಳಲು ಬಾಯಿ ತೆರೆದಾಗಲೂ ಅದೇ ಮಾತು ಅದೇ ರಾಗದಲ್ಲಿ ಹೊರಡುತ್ತದೆ. ಏಳಲಾಗದ ರೋಗಿಗಳ ಚಿತ್ರ ತೆಗೆಯಲು ಯಂತ್ರವನ್ನು ವಾರ್ಡಿನಿಂದ ವಾರ್ಡಿಗೆ ತಳ್ಳಿಕೊಂಡು ಹೋಗುವಾಗ ಕಿರಣ ತಡೆಯುವ ಭಾರದ ಸೀಸದ ಏಪ್ರನ್ ಹೊರಬೇಕು. ವರ್ಷಾನುಗಟ್ಟಲೆ ಹೊತ್ತು ಅವರ ನಡಿಗೆಯೇ ಬದಲಾಗಿದೆ. ಏಪ್ರನ್ ಇಲ್ಲದಾಗಲೂ ಮುಂದಕ್ಕೆ ಬಾಗಿ, ಮೊಣಕೈಗಳನ್ನು ಮೈಯಿಂದ ದೂರವಿಟ್ಟು, ಕಾಣದ ಮಗುವೊಂದನ್ನು ಎತ್ತಿಕೊಂಡವರಂತೆ ನಡೆಯುತ್ತಾರೆ. ಆದ್ದರಿಂದ ಕೆಲಸ ಮುಗಿದ ಮೇಲೆ ಅವರಿಗೆ ಬೇಕಾದದ್ದು ಗಾಳಿಯಂಥ ಬಟ್ಟೆ: ಗಂಟೆಯ ಹಾಗೆ ಅಗಲವಾಗುವ ತೋಳು, ಕುಚ್ಚು ಜೋತುಬಿದ್ದ ಕೊರಳು, ಎದೆಪಟ್ಟಿಯ ಮೇಲೆ ಕಸೂತಿ, ಅದರ ಕೆಳಗೆ ನೆರಿಗೆ ನೆರಿಗೆಯಾಗಿ ಪಾದದವರೆಗೆ ಇಳಿಯುವ ಹತ್ತಿ. ಅಂಗಡಿಯವರು ಇದನ್ನು ಬೋಹೋ ಎನ್ನುತ್ತಾರೆ. ಅಣ್ಣ ಪರದೆ ಎನ್ನುತ್ತಾನೆ.

ಪೀಕಲಾಟವಿರುವುದು ಬಟ್ಟೆಯಲ್ಲಲ್ಲ, ಅಳತೆಯಲ್ಲಿ. ಅತ್ತಿಗೆ ಮೀಡಿಯಂ. ಬೇರೆಯವರು ರಕ್ತದ ಗುಂಪನ್ನು ಹೇಳುವಷ್ಟು ನಿಶ್ಚಯದಿಂದ ಅವರು ಇದನ್ನು ಹೇಳುತ್ತಾರೆ. ಕಾಲೇಜಿನಲ್ಲಿದ್ದಾಗ ಮೀಡಿಯಂ, ಮಗಳು ಹುಟ್ಟುವ ಮುಂಚೆ ಮೀಡಿಯಂ, ಹುಟ್ಟಿದ ಮೇಲೂ ಮೀಡಿಯಂ. ಅದರ ಮೇಲೆ ಒಂದು ಸಿದ್ಧಾಂತ ಬೇರೆ.

"ಸಡಿಲ ಬಟ್ಟೆ ಮೊದಲೇ ಸಡಿಲ ಇರತ್ತೆ ಕಣೇ. ಅದರಲ್ಲಿ ದೊಡ್ಡ ಸೈಜ್ ತಗೊಂಡ್ರೆ ನಾನೂ ನಿಮ್ಮಣ್ಣ ಇಬ್ಬರೂ ಒಳಗೆ ಹೋಗಬಹುದು."

ನಾನು ನೀರಿನ ಪರೀಕ್ಷಾಲಯದಲ್ಲಿ ಕೆಲಸ ಮಾಡುವವಳು. ತಪ್ಪು ಸಿದ್ಧಾಂತವನ್ನು ಕೇಳಿ ಸುಮ್ಮನಿರುವುದು ನನಗೆ ಕಷ್ಟ. ಯಾವ ಸಡಿಲ ಉಡುಪೂ ಎಲ್ಲೆಡೆ ಸಡಿಲವಿರುವುದಿಲ್ಲ, ಅದು ಎಲ್ಲಿಂದಲೋ ತೂಗಬೇಕು, ತೂಗುವುದು ಹೆಗಲು, ಕಂಕುಳು, ಎದೆಪಟ್ಟಿ ಈ ಮೂರರಿಂದ, ಅಲ್ಲಿ ಸರಿಹೊಂದಿದರೆ ಮಾತ್ರ ಉಳಿದದ್ದರ ಸಡಿಲಕ್ಕೆ ಅರ್ಥ, ಅಲ್ಲಿ ಬಿಗಿಯಾದರೆ ಕೆಳಗೆ ಎಷ್ಟು ಮೀಟರ್ ನೆರಿಗೆಯಿದ್ದರೂ ಅದು ಬಿಗಿ ಬಟ್ಟೆಯೇ ಎಂದು ನಾನು ಚಿತ್ರ ಬರೆದು ತೋರಿಸಿದ್ದೇನೆ. ಅತ್ತಿಗೆ ಚಿತ್ರವನ್ನು ಬೆಳಕಿಗೆ ಹಿಡಿದು, ಎಕ್ಸ್‌ರೇ ನೋಡುವ ಹಾಗೆ ನೋಡಿ, "ಇದರಲ್ಲಿ ಏನೂ ತೊಂದರೆ ಕಾಣ್ತಿಲ್ಲ" ಎಂದು ಹಿಂದಿರುಗಿಸಿದರು.

ಇಷ್ಟೇ ಆಗಿದ್ದರೆ ನಕ್ಕು ಬಿಡಬಹುದಿತ್ತು. ಆದರೆ ಹೊಸ ತಂತ್ರಜ್ಞರಿಗೆ ಪಾಠ ಹೇಳುವ ಶಿಕ್ಷಕರೊಬ್ಬರು ಬೇಕೆಂದು ತರಬೇತಿ ಕೇಂದ್ರದವರು ಹುಡುಕುತ್ತಿದ್ದರು, ಅತ್ತಿಗೆಯನ್ನು ಮಾದರಿ ಪಾಠಕ್ಕೆ ಕರೆದಿದ್ದರು. ಆ ಕೆಲಸ ಸಿಕ್ಕಿದರೆ ಏಪ್ರನ್ ಹೊರುವುದು ತಪ್ಪುತ್ತದೆ. ಸಿಗದಿದ್ದರೆ ಬೆನ್ನು ಇನ್ನು ಹೆಚ್ಚು ಕಾಲ ತಡೆಯುವುದಿಲ್ಲವೆಂದು ಮೂಳೆಯ ಡಾಕ್ಟರು ಅತ್ತಿಗೆಯದೇ ಎಕ್ಸ್‌ರೇ ತೋರಿಸಿ ಹೇಳಿದ್ದರು. ಅತ್ತಿಗೆ ಇಟ್ಟಿಗೆ ಬಣ್ಣದ ಹೊಸ ನಿಲುವಂಗಿ ತೊಟ್ಟು ಹೋದರು. ಮೀಡಿಯಂ. ಪಾಠ ಆರಂಭವಾದ ಸ್ವಲ್ಪ ಹೊತ್ತಿನಲ್ಲೇ ದನಿ ಸಣ್ಣಗಾಯಿತಂತೆ, ವಾಕ್ಯಗಳು ಅರ್ಧಕ್ಕೆ ನಿಂತವಂತೆ, ಕೊನೆಗೆ ಕುರ್ಚಿ ಕೇಳಿ ಕುಳಿತರಂತೆ. ವಿಷಯಜ್ಞಾನ ಉತ್ತಮ, ಸಭಾಕಂಪನವಿದೆ ಎಂದು ಕೇಂದ್ರದ ಹಿರಿಯರು ತೀರ್ಪಿತ್ತರು. ಅತ್ತಿಗೆಯೂ ಅದನ್ನೇ ನಂಬಿದರು. ಆ ಸಂಜೆ ಅವರ ಕಂಕುಳ ಕೆಳಗೆ ಹಗ್ಗ ಬಿಗಿದಂಥ ಕೆಂಪು ಗೆರೆಯಿದ್ದದ್ದನ್ನು ನನಗೆ ಹೇಳಿದವಳು ಅವರ ಮಗಳು.

ಆಯ್ಕೆಯಾದವರು ಬೇರೆ ಕಡೆ ಹೋದದ್ದರಿಂದ ಅತ್ತಿಗೆಗೆ ಮತ್ತೊಮ್ಮೆ ಕರೆ ಬಂತು. ಮೂರನೆಯ ಸಲ ಇರುವುದಿಲ್ಲವೆಂದೂ ತಿಳಿಸಿದ್ದರು. ಆಸ್ಪತ್ರೆಯ ಯೂನಿಫಾರ್ಮಿನಲ್ಲೇ ಹೋಗಿ ಎಂದೆ.

"ಯೂನಿಫಾರ್ಮ್ ಹಾಕ್ಕೊಂಡು ಹೋಗಿ, ಈ ಯೂನಿಫಾರ್ಮ್ ಬಿಡಿಸಿ ಅಂತ ಕೇಳೋದಾ? ನಾನು ನನ್ನ ಬಟ್ಟೇಲೇ ಹೋಗೋದು. ಬರೋದಿದ್ರೆ ಬಾ, ಭಾಷಣ ಬೇಡ."

ಹೋದೆ. ಮೊದಲ ಅಂಗಡಿಯಲ್ಲಿ ಎಲ್ಲವೂ ಫ್ರೀ ಸೈಜ್. "ಎಲ್ಲರಿಗೂ ಆಗತ್ತೆ ಮೇಡಂ" ಎಂದು ಮಾರುವಾಕೆ ಎಲಾಸ್ಟಿಕ್ ಕೊರಳನ್ನು ಎರಡೂ ಕೈಯಲ್ಲಿ ಹಿಗ್ಗಲಿಸಿ ತೋರಿಸಿದಳು. ಎಲ್ಲರಿಗೂ ಅಂದರೆ ಯಾರ ಯಾರ ಮೇಲೆ ಹಾಕಿ ನೋಡಿದ್ದಾರೆ ಎಂದು ನಾನು ಕೇಳಿದ್ದಕ್ಕೆ ಅವಳು ಗೋಡೆಗೆ ಒರಗಿದ್ದ ಗೊಂಬೆಯನ್ನು ತೋರಿಸಿದಳು. ಎರಡನೆಯ ಅಂಗಡಿಯ ಮೀಡಿಯಂ ಬೇರೆಯವರ ಲಾರ್ಜಿಗಿಂತ ದೊಡ್ಡದು, ಅತ್ತಿಗೆಗೆ ಪರಮಾನಂದ, "ಇವರಿಗೆ ಅಳತೆ ಗೊತ್ತು ನೋಡು." ಆದರೆ ಅಲ್ಲಿಯ ಕಂಕುಳು ಸೊಂಟದ ಹತ್ತಿರವಿತ್ತು. ಹಲಗೆಯ ಮೇಲೆ ಬರೆಯುವವರಂತೆ ಕೈ ಎತ್ತಿ ಎಂದೆ. ಎತ್ತಿದರು. ಇಡೀ ಉಡುಪು ಕೈಯೊಂದಿಗೆ ಮೇಲೇರಿ ಮೊಣಕಾಲು ಕಾಣಿಸಿತು. "ನಾನು ಕೂತೇ ಪಾಠ ಮಾಡ್ತೀನಿ" ಎಂದರು. ನನಗೆ ತಲೆ ಚಚ್ಚಿಕೊಳ್ಳುವ ಹಾಗಾಯಿತು.

ಮೂರನೆಯದು ಮೆಟ್ಟಿಲ ಕೆಳಗಿನ ಪುಟ್ಟ ಅಂಗಡಿ. ಬಟ್ಟೆ ಹಾಕಿ ನೋಡಲು ಒಂದೇ ಪರದೆ, ಅದರ ಮುಂದೆ ಕೈತುಂಬ ಬಟ್ಟೆ ಹಿಡಿದ ಹೆಂಗಸರ ಸಾಲು. ಅತ್ತಿಗೆ ಒಂದು ನೀಲಿ ನಿಲುವಂಗಿಯ ಮೀಡಿಯಂ ಹಿಡಿದು ಒಳಹೊಕ್ಕು, ಯಥಾಪ್ರಕಾರ ಬಿಗಿಹಿಡಿದ ಹೊಟ್ಟೆಯೊಂದಿಗೆ ಪ್ರತ್ಯಕ್ಷರಾದರು.

"ಅತ್ತಿಗೆ, ಪಾಠ ಹೇಳಿ" ಎಂದೆ.

"ಇಲ್ಲೇನಾ?"

"ಅಲ್ಲಿ ಹೇಳೋದನ್ನೇ ಇಲ್ಲಿ ಹೇಳಿ. ಬಟ್ಟೆಗೂ ಪರೀಕ್ಷೆ ಆಗಲಿ."

ಅತ್ತಿಗೆ ನನ್ನನ್ನು ದುರುಗುಟ್ಟಿಕೊಂಡು ನೋಡಿದರು. ಹಟದ ಹೆಣ್ಣು, ಆಗುವುದಿಲ್ಲವೆಂದರೆ ಸೋತಂತೆ. ಸಾಲಿನ ಕಡೆಗೆ ತಿರುಗಿ, "ಎದೆಯ ಚಿತ್ರ ತೆಗೆಯುವಾಗ ರೋಗಿ ಪೂರ್ತಿ ಉಸಿರು ಎಳೆದುಕೊಳ್ಳಬೇಕು, ಹೀಗೆ" ಎಂದು ಆರಂಭಿಸಿ, ಎಷ್ಟೋ ಸಾವಿರ ರೋಗಿಗಳಿಗೆ ಮಾಡಿ ತೋರಿಸಿದ್ದನ್ನು ಅಭ್ಯಾಸಬಲದಿಂದ ಮಾಡಿ ತೋರಿಸಿದರು. ಎದೆಪಟ್ಟಿಯ ಮೇಲಿನ ಗುಂಡಿ ಕಿತ್ತು ಹಾರಿ ಕನ್ನಡಿಗೆ ಬಡಿಯಿತು.

ಯಾರೂ ನಗಲಿಲ್ಲ. ಸಾಲಿನ ಮುಂದಿದ್ದಾಕೆ ಗುಂಡಿ ಹೆಕ್ಕಿ ಕೊಡುತ್ತ, "ಯಾಕೆ ಎಳ್ಕೋಬೇಕು? ಮುಂದೆ ಹೇಳಿ" ಎಂದಳು. ಅಷ್ಟರಲ್ಲಿ ಅಂಗಡಿಯಾಕೆ ಅದೇ ನೀಲಿಯ ಇನ್ನೊಂದನ್ನು, ಯಾವ ಸೈಜೆಂದು ಬಾಯಿಬಿಡದೆ, ಅತ್ತಿಗೆಯ ಕೈಗಿಟ್ಟು ಪರದೆ ಎಳೆದಳು.

ಪಾಠ ಪರದೆಯೊಳಗಿನಿಂದ ಮುಂದುವರಿಯಿತು. ಶ್ವಾಸಕೋಶ ಅರಳಿದಾಗ ಏನೇನು ಕಾಣುತ್ತದೆ, ರೋಗಿ ಸ್ವಲ್ಪ ಅಲುಗಿದರೂ ಚಿತ್ರ ಹೇಗೆ ಮಸುಕಾಗುತ್ತದೆ, ಹೆದರಿದ ಮುದುಕರಿಗೆ ಅಪ್ಪಣೆ ಮಾಡುವ ಬದಲು ಮೊದಲು ಹೆಸರು ಹಿಡಿದು ಯಾಕೆ ಮಾತಾಡಿಸಬೇಕು, ಎಲ್ಲವೂ ತಡೆಯಿಲ್ಲದೆ, ತುಂಬಿದ ದನಿಯಲ್ಲಿ ಬರತೊಡಗಿದವು.

"ನಮ್ಮತ್ತೆಗೆ ಎರಡೆರಡು ಸಲ ತೆಗೆದ್ರು. ಅದಕ್ಕೇನಾ?" ಎಂದು ಯಾರೋ ಕೇಳಿದರು.

"ಅಲ್ಲಾಡಿರ್ತಾರೆ. ಅವರದಲ್ಲ ತಪ್ಪು, ಹೇಳಿಕೊಟ್ಟವರದು" ಎಂದಿತು ಪರದೆ.

ಅತ್ತಿಗೆ ಹೊರಬಂದದ್ದು ಮಾತಾಡುತ್ತಲೇ. ಹೊಟ್ಟೆ ಅದರ ಸ್ವಂತ ಜಾಗದಲ್ಲಿತ್ತು, ಹೆಗಲು ಇಳಿದಿತ್ತು, ನೀಲಿ ಬಟ್ಟೆ ಮೈಯಿಂದ ಒಂದು ಬೆರಳು ದೂರದಲ್ಲಿ ತನ್ನ ಪಾಡಿಗೆ ತೂಗುತ್ತಿತ್ತು. ಅವರು ಕೊರಳ ಹಿಂದೆ ಕೈಹಾಕಿ ಲೇಬಲ್ ಎಳೆದು ಓದುವವರೆಗೆ ಎಲ್ಲವೂ ಚೆನ್ನಾಗಿತ್ತು.

"ಎಕ್ಸ್ಎಲ್. ಇದು ನಂದಲ್ಲ."

"ಲೇಬಲ್ ಕತ್ತರಿಸಿ ಕೊಡ್ಲಾ ಅಕ್ಕ?" ಎಂದಳು ಅಂಗಡಿಯಾಕೆ.

"ಬೇಡ. ಎಷ್ಟು ತಪ್ಪು ಬರೆದಿದ್ದಾರೆ ಅಂತ ಮನೇಲಿ ತೋರಿಸಬೇಕು."

ಮಾದರಿ ಪಾಠದ ದಿನ ಅತ್ತಿಗೆ ಆ ನೀಲಿಯಲ್ಲೇ ಹೋದರು, ನಿಂತೇ ಮಾತಾಡಿದರು, ಗೊತ್ತುಮಾಡಿದ ಹೊತ್ತು ಮೀರಿದರೂ ಯಾರೂ ನಿಲ್ಲಿಸಲಿಲ್ಲವಂತೆ. ಕೆಲಸ ಸಿಕ್ಕಿತು. ಏಪ್ರನ್ ಈಗ ಬೇರೆ ಯಾರದೋ ಹೆಗಲ ಮೇಲಿದೆ. ಸಭಾಕಂಪನ ಹೇಗೆ ಹೋಯಿತೆಂದು ಕೇಳಿದ್ದಕ್ಕೆ, ಹಿಂದಿನ ರಾತ್ರಿ ಒಳ್ಳೆಯ ನಿದ್ದೆ ಬಂದಿತ್ತು ಎಂದರು. ಹೊಸ ಕೆಲಸಕ್ಕೆಂದು ಆಮೇಲೆ ತಾವೇ ಹೋಗಿ ಇನ್ನೆರಡು ನಿಲುವಂಗಿ ತಂದಿದ್ದಾರೆ. ಎರಡೂ ಮೀಡಿಯಂ. ನೀಲಿಯದು ಅಪವಾದವಂತೆ, ವಿಜ್ಞಾನದಲ್ಲೂ ಅಪವಾದ ಇರುತ್ತದಲ್ಲ ಎಂದು ನನ್ನನ್ನೇ ಕೇಳುತ್ತಾರೆ.

ಇಂಥವರು ಬಹುಶಃ ಪ್ರತಿ ಮನೆಯಲ್ಲೂ ಒಬ್ಬರಿರುತ್ತಾರೆ. ಮಗಳ ಪಾದ ಎಷ್ಟು ಬೆಳೆಯಿತು, ಗಂಡನ ಕೊರಳು ಎಷ್ಟು ದಪ್ಪವಾಯಿತು, ನಾದಿನಿಯ ಕೋಟಿನ ತೋಳು ಎಷ್ಟು ಗಿಡ್ಡ ಬೇಕು ಎಂಬುದನ್ನು ಕಣ್ಣಳತೆಯಲ್ಲೇ ಕಂಡು, ವರ್ಷ ವರ್ಷವೂ ತಿದ್ದಿಕೊಂಡು, ಮನೆಯವರು ಜೊತೆಗಿಲ್ಲದಾಗ ಕೊಂಡರೂ ಒಂದು ಬೆರಳಿನ ವ್ಯತ್ಯಾಸವಿಲ್ಲದೆ ತರುತ್ತಾರೆ. ತಮ್ಮ ಅಳತೆಯನ್ನು ಮಾತ್ರ ಹತ್ತೊಂಬತ್ತರ ಪ್ರಾಯದಲ್ಲೇ ಮುಗಿಸಿಬಿಟ್ಟಿರುತ್ತಾರೆ. ಅವರೊಡನೆ ವಾದಿಸಿ ಪ್ರಯೋಜನವಿಲ್ಲ. ಅವರನ್ನು ಬಿಟ್ಟು ಅವರಿಗಾಗಿ ಏನಾದರೂ ಕೊಳ್ಳೋಣವೆಂದರೆ, ಅವರ ನಿಜವಾದ ಅಳತೆ ಮನೆಯಲ್ಲಿ ಯಾರಿಗೂ ತಿಳಿದಿರುವುದಿಲ್ಲ. ಪ್ರೀತಿಯಿಂದ ಉಡುಪು ತರಲು ಹೊರಟವರು ಅಂಗಡಿಯ ಬಾಗಿಲಲ್ಲಿ ಬಹಳ ಹೊತ್ತು ಯೋಚಿಸಿ, ಕೊನೆಗೆ ಒಂದು ಕೊಡೆ ಕೊಂಡು ಬರುತ್ತಾರೆ. ನಮ್ಮ ಅತ್ತಿಗೆಯ ಬಳಿ ನಾಲ್ಕು ಕೊಡೆಗಳಿವೆ.