ಪಲ್ಲವಿಯಲ್ಲಿ ಉಳಿದ ಹೆಸರು

‘ಎರಡನೇ ಚರಣಕ್ಕೆ ಅಮ್ಮ ಬರ್ಲಿ,’ ಎಂದ ಸಂಗೀತ ನಿರ್ದೇಶಕ, ಹಾರ್ಮೋನಿಯಂನಿಂದ ಕೈ ತೆಗೆಯದೆ. ‘ಅವಳು ಅಳಬಾರ್ದು. ಕೇಳೋರಿಗೆ ಅಳು ಬರ್ಬೇಕು.’

ಅಂಥ ಅಮ್ಮನನ್ನು ಅರ್ಧ ಗಂಟೆಯಲ್ಲಿ ಬರೆದುಕೊಡಬಲ್ಲೆ ಎಂದು ಕವಿಗೆ ಅನ್ನಿಸಿತು. ಅನ್ನಿಸಿದ್ದಕ್ಕೆ ನಾಚಿಕೆಯಾಯಿತು. ನಾಚಿಕೆಯಾದದ್ದಕ್ಕೆ ಸ್ವಲ್ಪ ಸಮಾಧಾನವೂ ಆಯಿತು. ಅಷ್ಟರಲ್ಲಿ ಮೊದಲ ಸಾಲು ಹೊಳೆದೇಬಿಟ್ಟಿತ್ತು.

ಅವನ ಎರಡು ಸಂಕಲನಗಳನ್ನು ಓದಿದವರಿಗಿಂತ ವಿಮರ್ಶಿಸಿದವರೇ ಹೆಚ್ಚು. ಯುದ್ಧ ಶುರುವಾದ ಮೇಲೆ ಸೇನಾ ಭರ್ತಿ ಕಚೇರಿಯವರು ಸಾಹಿತಿಗಳನ್ನೆಲ್ಲ ಕರೆದು, ಚಹಾ ಕೊಟ್ಟು, ಹಾಡು ಬೇಕೆಂದಿದ್ದರು. ಒಲ್ಲೆ ಎನ್ನಲು ಅವನೊಂದು ಒಳ್ಳೆಯ ವಾಕ್ಯವನ್ನು ಸಿದ್ಧಪಡಿಸಿಕೊಂಡು ಹೋಗಿದ್ದ. ಅಲ್ಲಿ ಯಾರೂ ಅಭಿಪ್ರಾಯ ಕೇಳಲಿಲ್ಲ. ಯಾವಾಗ ಕೊಡ್ತೀರಿ ಎಂದಷ್ಟೇ ಕೇಳಿದರು. ವಾಕ್ಯ ಹಾಗೇ ಉಳಿಯಿತು.

ಸ್ಟುಡಿಯೋದಲ್ಲಿ ರಾಗ ಮೊದಲು, ಮಾತು ಆಮೇಲೆ. ಧಾಟಿ ಮರೆಯದಿರಲೆಂದು ಸದ್ಯಕ್ಕೆ ಬಾಯಿಗೆ ಬಂದದ್ದನ್ನು ತುಂಬಿಸಿಡುತ್ತಾರೆ. ಕೊನೆಗೆ ಅದನ್ನು ಕಿತ್ತು ಸರಿಯಾದ ಪದ ಕೂರಿಸುತ್ತಾರೆ. ಇದಕ್ಕೆ ಹಿಂದಿನ ಹಾಡಿಗೆ ಕೂತ ಮೊದಲ ದಿನ ಪಲ್ಲವಿಯಲ್ಲಿ ಒಂದು ಪದದ ಜಾಗ ಖಾಲಿ ಬಿದ್ದಿತ್ತು. ಬೆಳಿಗ್ಗೆ ಅಕ್ಕ ಬಚ್ಚಲುಮನೆಯ ಬಾಗಿಲು ಬಡಿಯುತ್ತ ಮಗನನ್ನು ಕೂಗಿದ್ದು ಕಿವಿಯಲ್ಲೇ ಇತ್ತು. ಅದನ್ನೇ ತುರುಕಿದ: ‘ಎದ್ದು ಬಾರೋ ಚಿಣ್ಣಾ.’ ಮಾರನೆಯ ದಿನ ‘ವೀರಾ’ ಎಂದು ತಿದ್ದಿಕೊಂಡು ಬಂದರೆ ಭರ್ತಿ ಅಧಿಕಾರಿ ಒಪ್ಪಲಿಲ್ಲ.

‘ವೀರ ಅಂದ್ರೆ ಪಕ್ಕದ್ಮನೆಯವನು ಅನ್ಕೋತಾರೆ ಸಾರ್. ಚಿಣ್ಣಾನೇ ಇರ್ಲಿ. ಎಲ್ಲರ ಮನೇಲೂ ಒಬ್ಬ ಇರ್ತಾನೆ.’

ಕವಿಯ ಮನೆಯಲ್ಲೂ ಇದ್ದ. ಭಾವ ತೀರಿಕೊಂಡ ಮೇಲೆ ಅಕ್ಕ, ಮಗ ಇಬ್ಬರೂ ಅವನೊಂದಿಗೇ ಇದ್ದರು. ಆ ಹಾಡು ಬೀದಿಗೆ ಬಂದಂದಿನಿಂದ ಕಾಲೇಜಿನ ಗೆಳೆಯರು ಹುಡುಗನನ್ನು ಕಂಡಲ್ಲೆಲ್ಲ ಪಲ್ಲವಿ ಎತ್ತುತ್ತಿದ್ದರು. ಕವಿ ಊಟದ ಹೊತ್ತಿನಲ್ಲೂ ಪೇಪರ್ ಓದುವುದನ್ನು ರೂಢಿಸಿಕೊಂಡ.

ಈಗ ಎರಡನೇ ಚರಣದ ಅಮ್ಮನನ್ನು ಬರೆಯುತ್ತ ಕೂತಿದ್ದಾಗ ಸ್ಟುಡಿಯೋಕ್ಕೆ ಅವನಿಗೇ ಫೋನ್ ಬಂತು. ಅಕ್ಕ.

‘ಚಿಣ್ಣ ಭರ್ತಿ ಮೈದಾನಕ್ಕೆ ಹೋಗಿದಾನೆ. ಹೋಗಿ ಕರ್ಕೊಂಡ್ಬಾ.’

‘ಇಲ್ಲಿ ಕೆಲಸ ನಡೀತಿದೆ ಅಕ್ಕಾ.’

‘ಅಲ್ಲೂ ಅದೇ ಕೆಲಸ ನಡೀತಿದೆ.’

‘ಅವನೇನು ಮಗೂನಾ? ನಾನು ಹೇಳಿದ್ರೆ ಕೇಳ್ತಾನಾ?’

‘ನೀನು ಹೇಳಿದ್ದಕ್ಕೇ ಹೋಗಿದಾನಲ್ಲ. ಈಗ ಬೇಡ ಅನ್ನು. ಒಂದೇ ಮಾತು. ಅದಕ್ಕೆ ರಾಗ ಏನೂ ಬೇಕಾಗಿಲ್ಲ.’

ಸಂಗೀತ ನಿರ್ದೇಶಕನಿಗೆ ಖುಷಿಯಾಯಿತು. ‘ಮೈದಾನಕ್ಕಾ? ಪ್ರಚಾರದ ವ್ಯಾನ್ ಅಲ್ಲಿಗೇ ಹೊರಟಿದೆ, ಹತ್ತಿ ಸ್ವಾಮಿ. ಅಮ್ಮನ್ನ ದಾರೀಲಿ ಮುಗಿಸಿಬಿಡಿ.’

ವ್ಯಾನಿನ ನೆತ್ತಿಯ ಮೇಲೆ ಎರಡು ಸ್ಪೀಕರು. ಒಳಗೆ ಕೂತವರಿಗೆ ಹಾಡಿನ ಮಾತು ತಿಳಿಯುತ್ತಿರಲಿಲ್ಲ. ತಗಡು ಅದುರುವುದಷ್ಟೇ ಕೇಳುತ್ತಿತ್ತು.

‘ನಿಮ್ಮದೇನಾ ಸಾರ್ ಹಾಡು?’ ಎಂದ ಡ್ರೈವರ್. ‘ನನ್ನ ಮಗಳು ಇದನ್ನ ಹಾಕಿದ್ರೇನೇ ಊಟ ಮಾಡೋದು.’

‘ಹೌದಾ. ಸಂತೋಷ.’

ಬೇಡ ಎಂಬುದನ್ನು ಕವಿ ಒಳಗೇ ಹೇಳಿ ನೋಡಿದ. ಮೆಲ್ಲಗೆ ಹೇಳಿದ, ಗದರಿ ಹೇಳಿದ. ಹೇಗೆ ಹೇಳಿದರೂ ಅದು ಮೇಲಿನ ತಾಳಕ್ಕೆ ಕೂತುಬಿಡುತ್ತಿತ್ತು.

ಮೈದಾನದಲ್ಲಿ ಸಾಲು ಗೋಡೆಯುದ್ದಕ್ಕೂ ಹರಿದಿತ್ತು. ಹುಡುಗ ಮುಂದಿನವರಲ್ಲೇ ಇದ್ದ. ಮಾವನನ್ನು ಕಂಡದ್ದೇ ಅವನ ಮುಖ ಅರಳಿತು.

‘ಬಂದ್ಯಾ ಮಾವ? ನೀನು ಬರಲ್ಲ ಅಂತ ಇವರು ಬೆಟ್ ಕಟ್ಟಿದ್ರು.’

ಹಿಂದೆ ನಿಂತಿದ್ದ ಇಬ್ಬರು ಗೆಳೆಯರು ಹಲ್ಲು ಬಿಟ್ಟರು.

‘ನಿಮ್ಮಮ್ಮ ಮನೆಗೆ ಬಾ ಅಂದ್ಲು.’

‘ಅಮ್ಮ ಇನ್ನೇನಂತಾಳೆ? ನೀನೇನಂತೀಯ?’

ಕವಿಯ ಹೆಗಲ ಮೇಲೆ ಒಂದು ಕೈ ಬಿತ್ತು. ಭರ್ತಿ ಅಧಿಕಾರಿ. ‘ಇವನೇನಾ ಸಾರ್ ಚಿಣ್ಣ? ಒರಿಜಿನಲ್ಲು?’

ಸಾಲೆಲ್ಲ ನಕ್ಕಿತು. ಹುಡುಗನೂ ನಕ್ಕ, ಆದರೆ ಕಣ್ಣು ಮಾವನ ಮೇಲೇ ಇತ್ತು. ಅದರಲ್ಲಿದ್ದ ಹೆಮ್ಮೆಯ ಕೆಳಗೆ ಇನ್ನೊಂದು ಇತ್ತು: ಯಾರಾದರೂ ಬೇಡ ಎನ್ನಲಿ ಎಂಬ ಆಸೆ. ಕಾಣಲಿಲ್ಲ ಎಂದುಕೊಳ್ಳಲಾಗದಷ್ಟು ಸ್ಪಷ್ಟವಾಗಿ ಕವಿಗೆ ಅದು ಕಂಡಿತು. ಅಧಿಕಾರಿಯ ಕೈ ಹೆಗಲ ಮೇಲೆ ಸಲಿಗೆಯಿಂದ ಕೂತಿತ್ತು.

‘ತಿಂಡಿ ತಿಂದ್ಯಾ?’ ಎಂದ ಕವಿ.

ಹುಡುಗ ಬಾಗಿಲತ್ತ ತಿರುಗಿದ. ‘ತಿಂದೆ,’ ಎಂದ.

ಎದೆಯ ಅಳತೆಗೆ ಅಂಗಿ ಬಿಚ್ಚಿ ಬನ್ನಿ ಎಂದು ಒಳಗಿನಿಂದ ಯಾರೋ ಕೂಗಿದರು.

‘ಇದನ್ನ ಹಿಡ್ಕೊಂಡಿರು ಮಾವ.’

ಅಂಗಿ ಇನ್ನೂ ಬೆಚ್ಚಗಿತ್ತು. ಅದನ್ನು ಮಡಚುವಷ್ಟರಲ್ಲಿ ಗೆಳೆಯರಲ್ಲೊಬ್ಬ ‘ನಂದೂ ಸಾರ್’ ಎಂದು ತನ್ನದನ್ನು ಅದರ ಮೇಲಿಟ್ಟ. ಇನ್ನೊಬ್ಬನೂ ಇಟ್ಟ. ಅದನ್ನು ನೋಡಿ ಅವನ ಹಿಂದಿನವನು. ‘ಸಾಹಿತಿಗಳ ಹತ್ರ ಕೊಡ್ರೋ, ಭದ್ರವಾಗಿರುತ್ತೆ,’ ಎಂದು ನಕ್ಕು ಅಧಿಕಾರಿ ಒಳಗೆ ಹೋದ. ಪಟ್ಟೆಯವು, ಚೌಕಳಿಯವು, ಕಾಲರು ಸವೆದವು, ಜೇಬಿನಲ್ಲಿ ಬಾಚಣಿಗೆ ಉಳಿದದ್ದು. ರಾಶಿ ಗಲ್ಲಕ್ಕೆ ತಾಗಿತು, ಬಾಯಿ ದಾಟಿತು. ಕೈ ಬಿಟ್ಟರೆ ಎಲ್ಲ ಮಣ್ಣಿಗೆ. ಅಂಗಿಗಳ ಮೇಲಿನಿಂದ ಬಾಗಿಲೊಳಗೆ ಸರಿಯುತ್ತಿದ್ದ ಬರಿ ಬೆನ್ನುಗಳಷ್ಟೇ ಕಂಡವು; ಚಿಣ್ಣನದು ಯಾವುದೆಂದು ತಿಳಿಯಲಿಲ್ಲ.

‘ಬೇಡ,’ ಎಂದ, ಬೆವರಿನ ಬಟ್ಟೆಯೊಳಗೆ.

ಅವನಿಗೇ ಸರಿಯಾಗಿ ಕೇಳಿಸಲಿಲ್ಲ.

‘ಎಟುಕ್ತಿಲ್ಲ ಸಾರ್,’ ಎಂದಿತು ಪಕ್ಕದಲ್ಲೊಂದು ದನಿ, ತುಂಬ ವಿನಯದಿಂದ. ‘ಸ್ವಲ್ಪ ಬಗ್ತೀರಾ?’

ಅವನು ಬಗ್ಗಿದ.