ನಾಲ್ಕು ಕಿಲೋ ಟ್ರಿಗರ್

ಮೂರನೆಯ ಕಿಲೋ ಆಲೂಗಡ್ಡೆಯೂ ಚೀಲಕ್ಕೆ ಬಿತ್ತು. ಪಿಸ್ತೂಲಿನ ಟ್ರಿಗರ್ ಮಾತ್ರ ಜಪ್ಪಯ್ಯ ಅಂದರೂ ಅಲುಗಾಡಲಿಲ್ಲ.

ಭಾವನ ಕೆಲಸದ ಮೇಜಿನ ಅಂಚಿನಲ್ಲಿ ಪಿಸ್ತೂಲು ಆಕಾಶಕ್ಕೆ ಮುಖಮಾಡಿ ಇಕ್ಕಳದ ಬಾಯಲ್ಲಿ ಕೂತಿತ್ತು. ಟ್ರಿಗರ್‌ಗೆ ಕಟ್ಟಿದ ದಾರದ ತುದಿಯಲ್ಲಿ ಬಟ್ಟೆಯ ಚೀಲ ನೇತಾಡುತ್ತಿತ್ತು. ಭಾವ ಸೊಂಟದ ಮೇಲೆ ಕೈಯಿಟ್ಟು ಅದನ್ನೇ ನೋಡುತ್ತ ನಿಂತಿದ್ದರು.

"ಇನ್ನೊಂದು ಕಿಲೋ ಇದೆಯೇನೇ?" ಎಂದು ಅಡುಗೆಮನೆಯ ಕಡೆ ಕೂಗಿದರು.

"ಎಲ್ಲಾ ನೀವೇ ತಗೊಳ್ಳಿ. ಮಧ್ಯಾಹ್ನಕ್ಕೆ ಪಿಸ್ತೂಲನ್ನೇ ಹೆಚ್ಚಿ ಬೇಯಿಸ್ತೀನಿ," ಎನ್ನುತ್ತ ಅಕ್ಕ ಉಳಿದದ್ದನ್ನೂ ಬುಟ್ಟಿಯಲ್ಲಿ ತಂದು ಕುಕ್ಕಿದಳು.

ನಾಲ್ಕು ಕಿಲೋ ತುಂಬಿ, ಅದರ ಮೇಲೆ ಒಂದು ದಪ್ಪ ಗಡ್ಡೆ ಇಟ್ಟಾಗ ಒಳಗೆ ಟಕ್ ಎಂದಿತು. ಚೀಲ ಜಗ್ಗಿ, ಮೇಲಿದ್ದ ಗಡ್ಡೆ ಮೇಜಿನ ಕೆಳಗೆ ಉರುಳಿಹೋಯಿತು.

"ಪುಟ್ಟೀ, ಇದು ಪಿಸ್ತೂಲಲ್ಲ ಕಣಮ್ಮ, ಬಾವಿಯಿಂದ ನೀರು ಸೇದೋ ಕೆಲಸ. ಇಷ್ಟು ದಿನ ಒಂದೇ ಬೆರಳಲ್ಲಿ ಹೇಗೆ ಎಳೆದೆ?" ಎಂದರು ಭಾವ.

ಪುಟ್ಟಿಗೆ ಐವತ್ನಾಲ್ಕು ವರ್ಷ. ಹೆಣ್ಣುಮಕ್ಕಳ ಶಾಲೆಯಲ್ಲಿ ಆಟದ ಟೀಚರು. ಆ ಶಾಲೆಯಲ್ಲಿ ಇಪ್ಪತ್ತಾರು ವರ್ಷಗಳಿಂದ ಯಾವ ಓಟ ಶುರುವಾದರೂ ಈ ಪಿಸ್ತೂಲಿನ ಸದ್ದಿನಿಂದಲೇ. ಗುಂಡಿಲ್ಲ, ಬರೀ ಸದ್ದು. ಆ ಸದ್ದಿಗೆ ಅವಳಿಟ್ಟುಕೊಂಡಿದ್ದ ಗೌರವವನ್ನು ಬೇರೆಯವರು ಗುಂಡಿಗೂ ಕೊಡುತ್ತಿರಲಿಲ್ಲ.

"ಹಳೇದಾಯ್ತಲ್ಲ ಭಾವ, ಅದಕ್ಕೇ ಬಿಗಿ."

"ಯಾವುದು, ಪಿಸ್ತೂಲೋ ಬೆರಳೋ?"

"ಬೆರಳಿಗೇನಾಗಿದೆ? ಚೆನ್ನಾಗೇ ಇದೆ," ಎಂದು ಅವಳು ಬಲಗೈಯನ್ನು ಬೆನ್ನ ಹಿಂದೆ ಸರಿಸಿದಳು.

ಬಲಗೈ ತೋರುಬೆರಳಿನ ನಡುಗೆಣ್ಣು ಹಗ್ಗದ ಗಂಟಿನ ಹಾಗೆ ಊದಿಕೊಂಡು ಏಳು ವರ್ಷವಾಗಿತ್ತು. ಯಾರಿಗೂ ಹೇಳಿರಲಿಲ್ಲ. ಆಟದ ಸಾಮಾನಿನ ಕೋಣೆಯ ಬೀಗವನ್ನು ಎಡಗೈಯಲ್ಲಿ ತೆಗೆಯುತ್ತಿದ್ದಳು. ಹಾಜರಿ ಬರೆಯುವಾಗ ಪೆನ್ನನ್ನು ಮಧ್ಯದ ಬೆರಳುಗಳ ಸಂದಿನಲ್ಲಿ ಸಿಕ್ಕಿಸಿಕೊಂಡು, ಅದೇ ಸ್ಟೈಲು ಎಂಬಂತೆ ಬರೆಯುತ್ತಿದ್ದಳು. ಟ್ರಿಗರ್ ಎಳೆಯುವಾಗ ನೆತ್ತಿಯವರೆಗೆ ಹತ್ತುತ್ತಿದ್ದ ನೋವು ಮುಖದಲ್ಲಿ ಒಂದಿಷ್ಟೂ ಕಾಣದ ಹಾಗೆ ನುಂಗಿಕೊಂಡಿದ್ದೇನೆ ಎಂಬುದು ಅವಳ ದೊಡ್ಡ ಹೆಮ್ಮೆ. ಯಾರ ಮುಂದೆಯೂ ಹೇಳಿಕೊಳ್ಳಲಾಗದ ಹೆಮ್ಮೆ.

ಅಕ್ಕ ಟೀ ಲೋಟದ ಜೊತೆಗೆ ಸಕ್ಕರೆ ಡಬ್ಬಿಯನ್ನು ತಂದಳು. ಇಡುವ ಮುಂಚೆ ಮುಚ್ಚಳವನ್ನೊಮ್ಮೆ ತಿರುಗಿಸಿ ಸಡಿಲ ಮಾಡಿ, ಸುಮ್ಮನೆ ಮೇಲಿಟ್ಟಳು. ಪುಟ್ಟಿ ಅದನ್ನೆತ್ತಿ ಸಕ್ಕರೆ ಹಾಕಿಕೊಂಡಳು.

ಹೋದ ವರ್ಷದ ಕ್ರೀಡಾದಿನದಲ್ಲಿ ಕೊನೆಯ ಓಟದ ಹೊತ್ತಿಗೆ ಟ್ರಿಗರ್ ಹಟ ಹಿಡಿದಿತ್ತು. ಹುಡುಗಿಯರು ಬಗ್ಗಿದವರು ಬಗ್ಗಿಯೇ ಇದ್ದರು. ಒಬ್ಬಳು ಸೀನಿದಳು, ಇನ್ನೊಬ್ಬಳು "ದೇವರು ಒಳ್ಳೇದು ಮಾಡ್ಲಿ" ಎಂದಳು. ಕಡೆಗೆ ಎರಡು ಕೈ ಸೇರಿಸಿ ಎಳೆಯಬೇಕಾಯಿತು. ಆ ಸಂಜೆ ಹೆಡ್‌ಮಾಸ್ಟರು ಬಹಳ ಮೃದುವಾಗಿ, "ಹಾರ್ನ್ ತರಿಸ್ತೀನಿ ಮಿಸ್. ಬಟನ್ ಒತ್ತಿದ್ರೆ ಆಯ್ತು, ಯಾರು ಬೇಕಾದ್ರೂ ಒತ್ತಬಹುದು. ನೀವು ಆರಾಮಾಗಿ ನೆರಳಲ್ಲಿ ಕೂತು ಬಹುಮಾನ ಜೋಡಿಸಿ," ಎಂದಿದ್ದರು. ಬಹುಮಾನದ ಮೇಜಿನ ಹಿಂದೆ ಕೂರುವುದೆಂದರೆ ಅವಳಿಗೆ ಬದುಕಿರುವಾಗಲೇ ಫೋಟೋ ಆಗಿ ಗೋಡೆ ಹತ್ತಿದ ಹಾಗೆ. ಈ ವರ್ಷ ಮೊದಲ ಓಟವೊಂದನ್ನು ಪಿಸ್ತೂಲಿಗೆ ಬಿಡಿ, ತೊಂದರೆಯಾದರೆ ಹಾರ್ನ್ ಎಂದು ಬೇಡಿ ಒಪ್ಪಿಸಿ ಬಂದಿದ್ದಳು.

ಭಾವ ನಲವತ್ತು ವರ್ಷ ಹೊಲಿಗೆ ಯಂತ್ರ ರಿಪೇರಿ ಮಾಡಿದವರು. ಅವರ ದೃಷ್ಟಿಯಲ್ಲಿ ಜಗತ್ತಿನ ಯಂತ್ರಗಳೆಲ್ಲ ದಾರಿ ತಪ್ಪಿದ ಹೊಲಿಗೆ ಯಂತ್ರಗಳೇ. ಪಿಸ್ತೂಲನ್ನು ಬಿಚ್ಚಿ, ಒಳಗೆ ಟಾರ್ಚ್ ಬಿಟ್ಟು, ಲೊಚಗುಟ್ಟಿದರು.

"ನೋಡಿಲ್ಲಿ, ಎರಡು ಕಬ್ಬಿಣ ಒಂದಕ್ಕೊಂದು ಉಜ್ಜೋ ಜಾಗ. ಗರಗಸ ಆಗಿದೆ. ಎಣ್ಣೆ ಕಂಡು ಎಷ್ಟು ಕಾಲ ಆಯ್ತೋ."

ನಯವಾದ ಉಪ್ಪುಕಾಗದದಲ್ಲಿ ಮಗುವಿನ ಕೆನ್ನೆ ಒರೆಸುವ ಹಾಗೆ ಉಜ್ಜಿದರು. ಒಂದೇ ಒಂದು ತೊಟ್ಟು ಎಣ್ಣೆ ಬಿಟ್ಟರು. ಜೋಡಿಸಿ ಮತ್ತೆ ಆಲೂಗಡ್ಡೆ ತೂಗಿದರು. ಮೂರು ಕಿಲೋ. ಬಿಚ್ಚಿದರು, ಉಜ್ಜಿದರು. ಎರಡು ಕಿಲೋ. ಒಂದೂವರೆಗೆ ಬಂದಾಗ ಕೈ ಒರೆಸಿಕೊಂಡರು.

"ಇನ್ನೂ ಸ್ವಲ್ಪ ಭಾವ."

"ಇದಕ್ಕಿಂತ ಹಗುರ ಆದ್ರೆ ನಿಮ್ಮ ಹೆಡ್‌ಮಾಸ್ಟರು ಕೆಮ್ಮಿದ್ರೂ ಹಾರುತ್ತೆ."

"ಅವರು ಕೆಮ್ಮಲ್ಲ, ಭಾಷಣ ಮಾಡ್ತಾರೆ."

"ಹಾಗಾದ್ರೆ ಇನ್ನೂ ಅಪಾಯ," ಎಂದು ಭಾವ ಪಿಸ್ತೂಲನ್ನು ಬಟ್ಟೆಯಲ್ಲಿ ಸುತ್ತಿ ಕೊಟ್ಟರು.

ಕ್ರೀಡಾದಿನದ ಬೆಳಿಗ್ಗೆ ಸುಣ್ಣದ ಗೆರೆಯ ಮೇಲೆ ಎಂಟು ಹುಡುಗಿಯರು ಬಗ್ಗಿ ನಿಂತರು. ಆ ಮೈದಾನದಲ್ಲಿ ಅವರು ಹೊರಡುವ ಪರಿ ಬೇರೆಯೇ. ಬಾಣ ಬಿಟ್ಟ ಹಾಗೆ. ಆದರೆ ಹೊರಗಿನ ಸ್ಪರ್ಧೆಗೆ ಕರೆದುಕೊಂಡು ಹೋದರೆ ಅದೇ ಹುಡುಗಿಯರು, ಉಳಿದವರೆಲ್ಲ ಹೊರಟ ಮೇಲೆ ಬಸ್ಸು ತಪ್ಪಿದವರ ಹಾಗೆ ಹಿಂದಿನಿಂದ ಓಡುತ್ತಿದ್ದರು. ಅದಕ್ಕೆ ಪುಟ್ಟಿ ಬೂಟನ್ನು ಬೈದಿದ್ದಳು, ಬಿಸಿಲನ್ನು ಬೈದಿದ್ದಳು, ಹುಡುಗಿಯರು ತಿಂದ ತಿಂಡಿಯನ್ನೂ ಬೈದಿದ್ದಳು.

"ರೆಡಿ... ಸೆಟ್..."

ಬೆರಳು ಬೆಣ್ಣೆಯಲ್ಲಿ ಜಾರಿದ ಹಾಗೆ ಜಾರಿತು. ಢಂ ಎಂದಾಗ ಅವಳಿಗೇ ಬೆಚ್ಚಿಬೀಳುವ ಹಾಗಾಯಿತು. ಶಾಲೆಯ ಮಾಡಿನ ಪಾರಿವಾಳಗಳೆಲ್ಲ ಹಾರಿದವು. ನೋವಿಲ್ಲ, ಒಂದಿಷ್ಟೂ ನೋವಿಲ್ಲ.

ಹುಡುಗಿಯರು ಹೊರಡಲಿಲ್ಲ. ಎಂಟೂ ಜನ ಬಗ್ಗಿದಲ್ಲೇ ಕತ್ತು ತಿರುಗಿಸಿ ಅವಳ ಮುಖವನ್ನೇ ಎವೆಯಿಕ್ಕದೆ ನೋಡುತ್ತಿದ್ದರು.

"ಓಡ್ರೇ," ಎಂದಳು.

ಯಾರೂ ಕದಲಲಿಲ್ಲ. ಅಪ್ಪ ಅಮ್ಮಂದಿರು ಕೂತಿದ್ದ ಕಡೆಯಿಂದ ನಗು ಕೇಳಿತು. ಹೆಡ್‌ಮಾಸ್ಟರು ಕಿತ್ತಳೆ ಬಣ್ಣದ ಹಾರ್ನನ್ನು ಮಗುವಿನ ಹಾಗೆ ಎತ್ತಿಕೊಂಡು ಬರುವುದು ಕಾಣಿಸಿತು. ಅವಳು ನಾಲ್ಕನೆಯ ಪಟ್ಟೆಯಲ್ಲಿದ್ದ ಹುಡುಗಿಯ ಹತ್ತಿರ ಹೋದಳು. ಎಲ್ಲರಿಗಿಂತ ಚುರುಕಾಗಿ ಹೊರಡುವವಳು, ಎಲ್ಲರೂ ಕಡ್ಡಿ ಎಂದು ಕರೆಯುವವಳು.

"ಯಾಕೇ ಓಡ್ಲಿಲ್ಲ? ಕಿವೀಲಿ ಹತ್ತಿ ಇಟ್ಕೊಂಡಿದ್ದೀಯಾ?"

"ಸದ್ದು ಕೇಳಿಸ್ತು ಮಿಸ್."

"ಮತ್ತೆ?"

"ನೀವಿನ್ನೂ ಮಾಡ್ಲೇ ಇಲ್ವಲ್ಲ ಮಿಸ್."

"ಏನು ಮಾಡ್ಲಿಲ್ಲ?"

ಹುಡುಗಿಯರು ಮುಖಮುಖ ನೋಡಿಕೊಂಡರು. "ಬೈಯಲ್ಲ ತಾನೆ?" ಎಂದು ಕೇಳಿಕೊಂಡು ಕಡ್ಡಿ ಎಡಗಣ್ಣು ಮುಚ್ಚಿದಳು, ಕೆಳತುಟಿ ಕಚ್ಚಿದಳು, ಬಲಭುಜವನ್ನು ಮೆಲ್ಲಗೆ ಕಿವಿಯವರೆಗೆ ಏರಿಸಿದಳು.

"ಹಾಗಲ್ವೇ, ಭುಜ ಇನ್ನೂ ಮೇಲೆ," ಎಂದು ಪಕ್ಕದವಳು ತಿದ್ದಿದಳು.

"ಮೂಗೂ ಸೊಟ್ಟ ಆಗಬೇಕು," ಎಂದಳು ಮತ್ತೊಬ್ಬಳು.

ನೋಡನೋಡುತ್ತ ಎಂಟೂ ಹುಡುಗಿಯರು ಅವಳೇ ಆಗಿ ನಿಂತಿದ್ದರು.

"ದೊಡ್ಡ ಕ್ಲಾಸಿನವರು ಹೇಳಿಕೊಟ್ಟಿದ್ದು ಮಿಸ್," ಎಂದಳು ಕಡ್ಡಿ. "ಭುಜ ಕಿವಿಗೆ ಮುಟ್ಟಿದ ತಕ್ಷಣ ಹೊರಡಬೇಕು, ಸದ್ದು ಅದಾದ ಮೇಲೆ ಬರುತ್ತೆ ಅಂತ. ನಮ್ಮಕ್ಕನೂ ಹಾಗೇ ಓಡಿದ್ದು." ಆಮೇಲೆ ದನಿ ತಗ್ಗಿಸಿ ಕೇಳಿದಳು, "ಬೆರಳು ಈಗ ಕಮ್ಮಿ ಆಯ್ತಾ ಮಿಸ್?"

ಪುಟ್ಟಿಗೆ ಅಕ್ಕನ ಮನೆಯ ಸಕ್ಕರೆ ಡಬ್ಬಿ ನೆನಪಾಯಿತು. ಪ್ರಪಂಚದಲ್ಲಿ ಸುಲಭವಾಗಿ ತೆರೆಯುವ ಮುಚ್ಚಳ ಅದೊಂದೇ ಎಂದು ಎಷ್ಟೋ ಸಲ ಅಂದುಕೊಂಡಿದ್ದಳು.

"ಹಾರ್ನ್ ಒತ್ತಲಾ ಮಿಸ್?" ಹೆಡ್‌ಮಾಸ್ಟರು ಬಂದೇಬಿಟ್ಟಿದ್ದರು.

"ಇನ್ನೊಂದೇ ಸಲ ಸರ್. ಆಗದಿದ್ರೆ ನಾನೇ ಹೋಗಿ ಆ ಮೇಜಿನ ಹಿಂದೆ ಕೂರ್ತೀನಿ."

ಆ ಮುಖವನ್ನು ಸುಳ್ಳೇ ಹಾಕಿಕೊಂಡರೆ ಕೆಲಸ ಮುಗಿಯುತ್ತಿತ್ತು. ಏಳು ವರ್ಷದ ಅಭ್ಯಾಸ, ಕಷ್ಟವೇನಿರಲಿಲ್ಲ. ಆದರೆ ಹೊರಗಿನ ಮೈದಾನಗಳಲ್ಲಿ, ನೋವಿಲ್ಲದ ಯಾರೋ ಅಪರಿಚಿತನ ಮುಖದಲ್ಲಿ ಇವಳ ನೋವನ್ನು ಹುಡುಕುತ್ತ ಈ ಹುಡುಗಿಯರು ನಿಂತುಬಿಟ್ಟಿದ್ದು ಕಣ್ಣಮುಂದೆ ಬಂತು. ಪಿಸ್ತೂಲಿಗೆ ಸದ್ದು ಮಾಡುವ ಹೊಸ ಕೇಪು ತುಂಬಿಕೊಂಡು, ಎಂದೂ ನಿಲ್ಲದ ಕಡೆ, ಹುಡುಗಿಯರ ಹಿಂದೆ ಹೋಗಿ ನಿಂತಳು.

"ನನ್ನ ಮುಖ ಯಾರೂ ನೋಡಬೇಡಿ. ಎದುರಿಗೆ ನೋಡಿ. ಕಿವಿ ಮಾತ್ರ ಈ ಕಡೆ ಬಿಡಿ."

"ಹೂಂ ಮಿಸ್."

"ಕಡ್ಡೀ, ಕತ್ತು."

ಕತ್ತು ಮುಂದಕ್ಕೆ ತಿರುಗಿತು. ಗೆರೆಯ ಆಚೆ, ಪಟ್ಟೆಗಳ ಅಂಚಿನಲ್ಲಿ, ಹೆಡ್‌ಮಾಸ್ಟರು ಬಟನ್ನಿನ ಮೇಲೆ ಹೆಬ್ಬೆರಳಿಟ್ಟು ಅವಳಿಗೆ ಎದುರಾಗಿ ನಿಂತಿದ್ದರು.

"ರೆಡಿ..."

ಎಂಟು ಬೆನ್ನುಗಳು ಬಗ್ಗಿದವು.

"ಸೆಟ್..."

ಅವಳ ಭುಜ ಇದ್ದಲ್ಲೇ ಇತ್ತು. ತುಟಿ ಸಡಿಲವಾಗಿತ್ತು, ಎರಡೂ ಕಣ್ಣು ತೆರೆದಿದ್ದವು. ಎದುರಿಗೆ ಹೆಡ್‌ಮಾಸ್ಟರು ಎಡಗಣ್ಣು ಮುಚ್ಚಿ, ಕೆಳತುಟಿ ಕಚ್ಚಿಕೊಂಡಿದ್ದರು. ಹಾರ್ನ್ ಹಿಡಿದ ಕೈಯ ಭುಜ ಮೆಲ್ಲಗೆ ಕಿವಿಯ ಕಡೆ ಏರುತ್ತಿತ್ತು.

ಅವಳು ಬೆರಳು ಮಡಿಸಿದಳು. ಢಂ ಎಂದ ಮೇಲೆಯೇ ಹುಡುಗಿಯರು ಹೊರಟರು.

ಎಂಟು ಜೊತೆ ಕಾಲುಗಳು ಎಬ್ಬಿಸಿದ ಸುಣ್ಣದ ಧೂಳು ನಿಧಾನವಾಗಿ ಇಳಿಯತೊಡಗಿತು. ಹೆಡ್‌ಮಾಸ್ಟರರ ಭುಜ ಇನ್ನೂ ಇಳಿದಿರಲಿಲ್ಲ.